ಒರೆಸದೆ ಬಿಟ್ಟ ಪಾದ

ಕರಿಂಪಾರ, ರಾನ್ನಿ
6 ಜನವರಿ 1986

ಸ್ಕರಿಯ ಕೊಚ್ಚಪ್ಪನವರಿಗೆ,

ನೀವು ಕಳ್ಳತನ ಮಾಡಿದ್ದೀರಿ. ಯೇಸುವನ್ನು ಸುವಾರ್ತೆಯಿಂದ ಕದ್ದು, ಹೆಸರು ಅಳಿಸಿ, ಬೀಡಿ ಸೇದುವ ಕಲ್ಲುಕ್ವಾರಿ ಮೇಸ್ತ್ರಿಯ ವೇಷ ತೊಡಿಸಿ, ಎರಡೂವರೆ ಗಂಟೆಯ ಸಿನಿಮಾ ಮಾಡಿದ್ದೀರಿ. ಇದನ್ನು ನಿಮ್ಮ ಮುಖಕ್ಕೆ ಯಾರೂ ಹೇಳಿರಲಾರರು. ನಾನು ಹೇಳುತ್ತಿದ್ದೇನೆ.

ನಾನು ನಿಮ್ಮ ಅಣ್ಣ ಪೋತ್ತನ್ ಉಪದೇಶಿಯ ಮಗ ಫಿಲೆಮೋನ್. ವಯಸ್ಸು ಇಪ್ಪತ್ತು. ನೀವು ಊರು ಬಿಟ್ಟು ಐದು ವರ್ಷಕ್ಕೆ ಹುಟ್ಟಿದವನು. ನಮ್ಮ ಮನೆಯಲ್ಲಿ ನಿಮ್ಮ ಹೆಸರು ಎತ್ತುವುದಿಲ್ಲ. ಸಿನಿಮಾದ ಹುಚ್ಚಿಗೆ ಸಭೆಯನ್ನೂ, ರೊಟ್ಟಿ-ದ್ರಾಕ್ಷಾರಸ ಹಂಚುವ ಕರ್ತನ ಮೇಜನ್ನೂ ಬಿಟ್ಟು ಮದ್ರಾಸಿಗೆ ಓಡಿದ ಕೊಚ್ಚಪ್ಪ ಒಬ್ಬರಿದ್ದಾರೆ ಎಂದಷ್ಟೇ ಗೊತ್ತು. ನಿಮ್ಮ ವಿಳಾಸ ಕ್ಷೌರದಂಗಡಿಯ ಸಿನಿಮಾ ಪತ್ರಿಕೆಯಲ್ಲಿ ಸಿಕ್ಕಿತು.

ಪ್ರತಿ ಶನಿವಾರ ನಾನು ರಾನ್ನಿಯ ಟಾಕೀಸಿನ ಬಾಗಿಲಲ್ಲಿ ನಿಂತು ಕರಪತ್ರ ಹಂಚುತ್ತೇನೆ. ‘ಟಿಕೆಟ್ ಹಿಡಿದವನೇ, ನಿಲ್ಲು!’ ಎಂಬುದು. ಹೋದ ಶನಿವಾರ ಟಿಕೆಟ್ ಹರಿಯುವ ವೇಲಾಯುಧನ್ ಚೇಟ್ಟನ್ ನನ್ನನ್ನು ತಡೆದ.

“ಏಯ್ ಹಲ್ಲೇಲೂಯಾ, ಒಂದು ವರ್ಷದಿಂದ ಇಲ್ಲಿ ನಿಂತು ಬೈತಿದ್ದೀಯಲ್ಲ, ಒಳಗೆ ಏನಿದೆ ಅಂತ ಯಾವತ್ತಾದ್ರೂ ನೋಡಿದ್ದೀಯಾ? ನೋಡದೇ ಬೈಯೋದು ನಿಮ್ಮಲ್ಲಿ ಸುಳ್ಳು ಸಾಕ್ಷಿ ಆಗಲ್ವೇನೋ?”

ಅದು ಒಂಬತ್ತನೆಯ ಆಜ್ಞೆ. ಕರಪತ್ರದ ಕಟ್ಟನ್ನು ಅವನ ಸ್ಟೂಲಿನ ಮೇಲಿಟ್ಟು ಒಳಗೆ ಹೋದೆ. ಆಡುತ್ತಿದ್ದದ್ದು ‘ಹದಿನೇಳನೆಯ ಕುಳಿ’. ಕಥೆ, ಸಂಭಾಷಣೆ: ಸ್ಕರಿಯ ಕರಿಂಪಾರ.

ನಿಮ್ಮ ಕಥೆಯನ್ನು ನಿಮಗೇ ಹೇಳುತ್ತೇನೆ, ನಾನು ಸರಿಯಾಗಿ ನೋಡಿದ್ದೇನೆಂದು ಗೊತ್ತಾಗಲಿ. ಕ್ವಾರಿಯಲ್ಲಿ ಬಂಡೆಗೆ ಹದಿನೇಳು ಕುಳಿ ಕೊರೆದು ಮದ್ದು ತುಂಬುತ್ತಾರೆ. ಸಿಡಿದ ಸದ್ದು ಎಣಿಸುವ ಕೆಲಸ ಸುಗುಣನ್ ಎಂಬ ಯುವಕನದು. ಹದಿನಾರು ಸದ್ದಿಗೇ ಅವನು ಹದಿನೇಳು ಎಂದು ಕೂಗುತ್ತಾನೆ. ಒಬ್ಬ ಒಳಗೆ ಹೋಗಿ, ಉಳಿದ ಕುಳಿ ಸಿಡಿದು ಸಾಯುತ್ತಾನೆ. ಪೊಲೀಸರು ಬಂದಾಗ ಮೇಸ್ತ್ರಿ ರಾಘವನ್, “ಎಣಿಸಿದ್ದು ನಾನು” ಎನ್ನುತ್ತಾನೆ. ಜೈಲಿಗೆ ಹೋಗುವ ಮುಂಚೆ, ಕಾಲಿಗೆ ಗಾಯವಾಗಿ ಬಾವಿಕಟ್ಟೆಯಲ್ಲಿ ಕೂತ ಸುಗುಣನ್‌ನ ಪಾದ ತೊಳೆಯುತ್ತಾನೆ. ಮೂರು ವರ್ಷದ ಮೇಲೆ ಹಿಂತಿರುಗುತ್ತಾನೆ.

ನಿರಪರಾಧಿ ಇನ್ನೊಬ್ಬನ ತಪ್ಪು ಹೊತ್ತ. ಹೊರುವ ಮುಂಚೆ ಪಾದ ತೊಳೆದ. ಕ್ವಾರಿಯಲ್ಲಿ ಹನ್ನೆರಡು ಜನ. ಮೂರು ವರ್ಷ ಎಂದರೆ ಮೂರು ದಿನ. ಆದರೆ ಒಂದು ಕಡೆ ನೀವು ಸಿಕ್ಕಿಬಿದ್ದಿದ್ದೀರಿ. ಯೋಹಾನ ಹದಿಮೂರನೆಯ ಅಧ್ಯಾಯದಲ್ಲಿ ಕರ್ತನು ಪಾದ ತೊಳೆದು ಒರೆಸಿದ. ನಿಮ್ಮ ರಾಘವನ್ ತೊಳೆಯುತ್ತಾನೆ, ಒರೆಸುವುದಿಲ್ಲ. ಒದ್ದೆ ಕಾಲನ್ನು ಹಾಗೇ ಬಿಟ್ಟು ಎದ್ದು ಹೋಗುತ್ತಾನೆ. ಕದ್ದ ಮಾಲು ಗುರುತು ಸಿಗಬಾರದೆಂದು ಆ ತುದಿಯನ್ನು ಕತ್ತರಿಸಿದಿರಿ.

ನನಗೆ ಬೇಕಾದದ್ದು ಒಂದೇ. ರಾಘವನ್ ಎಂದರೆ ಕ್ರಿಸ್ತನೇ ಎಂದು ನಿಮ್ಮ ಕೈಯಾರೆ ಬರೆದುಕೊಡಿ. ಅದನ್ನು ಕರಪತ್ರವಾಗಿ ಅಚ್ಚು ಹಾಕಿಸಿ, ಎಲ್ಲ ಸಭೆಗಳೂ ಸೇರುವ ಫೆಬ್ರವರಿಯ ಕನ್ವೆನ್ಷನ್‌ನಲ್ಲಿ ಹಂಚುತ್ತೇನೆ. ನಮ್ಮ ಸಭೆಯ ಯುವಕರು ಕದ್ದು ಸಿನಿಮಾಕ್ಕೆ ಹೋಗುತ್ತಾರೆ. ಅಲ್ಲಿ ಅಳುತ್ತಾರೆ, ಇಲ್ಲಿ ಬಂದು ಒಣಕಣ್ಣಲ್ಲಿ ಕೂರುತ್ತಾರೆ. ಅವರು ಅಲ್ಲಿ ಅತ್ತದ್ದು ಯಾರಿಗಾಗಿ ಎಂದು ಅವರಿಗೆ ತಿಳಿಯಬೇಕು.

ಸ್ತೋತ್ರ.
ಫಿಲೆಮೋನ್

—

ಕೋಡಂಬಾಕ್ಕಂ, ಮದ್ರಾಸ್
16 ಜನವರಿ 1986

ಫಿಲೆಮೋನ್,

ನಿನ್ನ ಅಕ್ಷರ ನಿನ್ನಪ್ಪನ ಅಕ್ಷರದ ಹಾಗೆ ಬಲಕ್ಕೆ ವಾಲುತ್ತದೆ. ಲಕೋಟೆ ನೋಡಿ ಅವನೇ ಬರೆದದ್ದೆಂದುಕೊಂಡು ಎರಡು ದಿನ ಒಡೆಯಲಿಲ್ಲ.

ನೀನು ಹುಡುಕಿದ್ದು ಅಲ್ಲಿಲ್ಲ, ಮೋನೇ. ರಾಘವನ್ ಜೈಲಿಗೆ ಹೋದದ್ದು ಲೋಕದ ಪಾಪ ಹೊರಲಿಕ್ಕಲ್ಲ. ಆ ನಟ ಹನ್ನೊಂದು ದಿನದ ಕಾಲ್‌ಶೀಟ್ ಕೊಟ್ಟಿದ್ದ. ಇಂಟರ್‌ವಲ್ ಆದಮೇಲೆ ಅವನನ್ನು ಎಲ್ಲಿಗಾದರೂ ಸಾಗಿಸಬೇಕಿತ್ತು. ದುಬೈಗೆ ಕಳಿಸೋಣ ಎಂದ ನಿರ್ಮಾಪಕ. ಪಕ್ಕದ ಫ್ಲೋರಿನಲ್ಲಿ ಬೇರೆ ಸಿನಿಮಾದ ಜೈಲು ಸೆಟ್ ಇನ್ನೂ ಬಿಚ್ಚಿರಲಿಲ್ಲ, ಅಲ್ಲಿಗೇ ಕಳಿಸಿದೆವು. ಹನ್ನೆರಡು ಜನ ಏಕೆಂದರೆ ವ್ಯಾನಿನಲ್ಲಿ ಅಷ್ಟೇ ಜನ ಹಿಡಿಸುತ್ತಿದ್ದರು. ಮೂರು ವರ್ಷ ಏಕೆಂದರೆ ನಾಯಕಿ ಅಷ್ಟರಲ್ಲಿ ಸೀರೆ ಉಡುವ ವಯಸ್ಸಿಗೆ ಬರಬೇಕಿತ್ತು.

ಕಾಲು ತೊಳೆದದ್ದಕ್ಕೆ ಕಾರಣವಿಲ್ಲ. ಕ್ವಾರಿ ಎಂದಮೇಲೆ ದೂಳಿರುತ್ತದೆ.

ಇಪ್ಪತ್ತು ವರ್ಷದಿಂದ ಇಲ್ಲಿ ಯಾರದೋ ಬಾಯಿಗೆ ಮಾತು ಬರೆಯುತ್ತಿದ್ದೇನೆ. ನನ್ನ ಕೈಯಾರೆ, ನನ್ನ ಹೆಸರಲ್ಲಿ ಏನಾದರೂ ಬರೆದುಕೊಡು ಎಂದು ಕೇಳಿದವನು ನೀನೇ ಮೊದಲು. ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ನಿನ್ನಪ್ಪನಿಗೆ, ನನ್ನ ಅಚ್ಚಾಯನ್‌ಗೆ, ಕೆಮ್ಮು ಈಗಲೂ ಇದೆಯೇ?

ಸ್ಕರಿಯ

—

ಕರಿಂಪಾರ
25 ಜನವರಿ 1986

ಕೊಚ್ಚಪ್ಪನವರಿಗೆ,

ಕಾಲ್‌ಶೀಟ್ ಎಂಬ ಮಾತಿನ ಹಿಂದೆ ಅಡಗಬೇಡಿ. ಕಾಯಫನೂ ತಿಳಿಯದೆಯೇ ಪ್ರವಾದನೆ ಹೇಳಿದ್ದ. ‘ಜನರಿಗೋಸ್ಕರ ಒಬ್ಬನು ಸಾಯುವುದು ಹಿತ’ ಎಂದವನು ಯೇಸುವನ್ನು ಕೊಲ್ಲಿಸಲು ಹೊರಟ ಮಹಾಯಾಜಕ. ನಿಮ್ಮ ನಿರ್ಮಾಪಕ ವ್ಯಾನಿನ ಸೀಟು ಎಣಿಸುತ್ತಿದ್ದರೂ ಕೂರಿಸಿದವನು ಬೇರೆಯವನೇ.

ಮನೆಯಲ್ಲಿ ಎಲ್ಲ ಹೇಳಿಬಿಟ್ಟೆ. ಸುಳ್ಳಿನ ಮೇಲೆ ಕರಪತ್ರ ಅಚ್ಚು ಹಾಕಿಸಲು ನನ್ನಿಂದಾಗದು. ಮಧ್ಯಾಹ್ನ ಮರಗೆಣಸು, ಮೀನು ಸಾರು ಬಡಿಸುತ್ತಿದ್ದ ಅಮ್ಮಚ್ಚಿಯ ಕೈಯಿಂದ ಸೌಟು ಜಾರಿತು.

“ಕರ್ತನೇ! ಉಪದೇಶಿ ಮಗ ಟಾಕೀಸಿಗೆ! ಇವತ್ತೇ ಯಾರಿಗಾದ್ರೂ ಗೊತ್ತಾದ್ರೆ ಏನೋ ಗತಿ?”

“ನಾನೇ ಹೇಳ್ತೀನಿ, ಅಮ್ಮಚ್ಚೀ. ಅಚ್ಚು ಹಾಕ್ಸಿ ಹೇಳ್ತೀನಿ.”

“ಅಚ್ಚು ಹಾಕ್ಸು, ಹಾಕ್ಸು. ಕೆಳಗೆ ನನ್ನ ಹೆಸ್ರೂ ಹಾಕ್ಸು, ಇವನನ್ನ ಹೆತ್ತವಳು ಅಂತ.”

ಅಪ್ಪಚ್ಚನ್ ಬೈಯಲಿಲ್ಲ. ಅವರು ಯಾವುದಕ್ಕೂ ಬಿಸಿಯಾಗುವುದಿಲ್ಲ. ಈ ಗುಡ್ಡದ ಮೇಲೆ ನಲವತ್ತು ಮನೆಯ ಸಭೆ ನೋಡಿಕೊಂಡು, ಬೆಳಿಗ್ಗೆ ಹಾಲಿಗಾಗಿ ರಬ್ಬರ್ ಮರದ ತೊಗಟೆ ಕೊಯ್ದು, ಅದರಲ್ಲೇ ಮುಗಿದುಹೋದ ಮನುಷ್ಯ. ಒಂದು ಕನ್ವೆನ್ಷನ್‌ನಲ್ಲೂ ಅವರನ್ನು ವೇದಿಕೆಗೆ ಕರೆಯುವುದಿಲ್ಲ, ಅವರೂ ಕೇಳುವುದಿಲ್ಲ. ಹಾಡುವುದೂ ಅಷ್ಟಕ್ಕಷ್ಟೆ. ಅಮ್ಮಚ್ಚಿ ಅಡುಗೆಮನೆಯಲ್ಲಿ ‘ದಡ ದೂರ ದೂರ, ದೋಣಿ ಪುಟ್ಟದು ನಾಥಾ’ ಎಂದು ಎತ್ತಿದರೆ ಇವರು ಎದ್ದು ಹೊರಗೆ ಹೋಗುತ್ತಾರೆ. ಇಡೀ ತಿರುವಾಂಕೂರಿನ ಸಭೆಗಳು ಹಾಡುವ ಹಾಡು ಅದು. ನಿಮಗೂ ನೆನಪಿರಬಹುದು.

ಸಿನಿಮಾದ ಕಥೆ ಪೂರ್ತಿ ಕೇಳಿದರು. ಬರೆದವರು ನೀವು ಎಂದೆ. ಮೀನಿನ ಮುಳ್ಳು ತೆಗೆಯುತ್ತಾ ಒಂದೇ ಪ್ರಶ್ನೆ ಕೇಳಿದರು.

“ತೊಳೆದ ಮೇಲೆ ಒರೆಸ್ತಾನಾ?”

“ಇಲ್ಲ. ಅದೇ ನಾನು ಹೇಳ್ತಿರೋದು, ಹಾಗೇ ಎದ್ದು ಹೋಗ್ತಾನೆ.”

“ಒರೆಸ್ತಾನೆ. ನೀನು ಸರಿಯಾಗಿ ನೋಡಿಲ್ಲ.”

“ಅಪ್ಪಚ್ಚಾ, ಒರೆಸಿದ್ದು ಬೈಬಲ್‌ನಲ್ಲಿ. ಸಿನಿಮಾದಲ್ಲಲ್ಲ.”

“ಹೌದು, ಬೈಬಲ್‌ನಲ್ಲೂ ಇದೆ,” ಎಂದು ಕೈ ತೊಳೆಯಲು ಎದ್ದರು.

ನೋಡಿ ಹೇಗಿದೆ! ಜನ್ಮದಲ್ಲಿ ಒಂದು ಸಿನಿಮಾ ನೋಡದವರು, ನೋಡಿ ಬಂದವನಿಗೆ ‘ನೀನು ನೋಡಿಲ್ಲ’ ಎನ್ನುತ್ತಾರೆ. ನನ್ನನ್ನು ಗೇಲಿ ಮಾಡಿದರೋ, ವಯಸ್ಸಿಗೆ ಮರೆವು ಬಂತೋ ತಿಳಿಯಲಿಲ್ಲ. ಕೆಮ್ಮು ಇದೆ. ಆ ಹೊತ್ತು ಜಾಸ್ತಿಯೇ ಬಂತು.

ನೀವು ಬರೆದುಕೊಡದಿದ್ದರೂ ಕರಪತ್ರ ಬರುತ್ತದೆ. ಪ್ರೆಸ್ಸಿಗೆ ಕೊಟ್ಟಾಗಿದೆ.

ಫಿಲೆಮೋನ್

—

ಮದ್ರಾಸ್
1 ಫೆಬ್ರವರಿ 1986

ಫಿಲೆಮೋನ್,

ಅಚ್ಚು ಹಾಕಿಸಬೇಡ. ಹಾಕಿಸಿದ್ದರೆ ಹಂಚಬೇಡ. ಹಂಚಲೇಬೇಕೆಂದರೆ ನನ್ನ ಹೆಸರು ತೆಗೆ. ನನಗಾಗಿ ಹೇಳುತ್ತಿಲ್ಲ. ಆ ಹೆಸರು ನೋಡಿದರೆ ಅಲ್ಲಿನ ಹಿರಿಯರಿಗೆ ಹಳೆಯದೆಲ್ಲ ನೆನಪಾಗುತ್ತದೆ, ಅದು ಬೇರೆಯವರ ತಲೆಗೆ ಬರುತ್ತದೆ.

‘ಒರೆಸ್ತಾನೆ’ ಎಂದ ಮೇಲೆ ಅವನು ಇನ್ನೇನೂ ಹೇಳಲಿಲ್ಲವೇ? ಸರಿಯಾಗಿ ನೆನಪಿಸಿಕೊಂಡು ಬರೆ.

ಸ್ಕರಿಯ

—

ಕರಿಂಪಾರ
17 ಫೆಬ್ರವರಿ 1986

ಕೊಚ್ಚಪ್ಪನವರಿಗೆ,

ನಿಮ್ಮ ಕಾರ್ಡ್ ಬರುವಷ್ಟರಲ್ಲಿ ಮುನ್ನೂರು ಪ್ರತಿ ನನ್ನ ಕೈಯಲ್ಲಿತ್ತು. ನಿಮ್ಮ ಹೆಸರೂ ಇತ್ತು. ಅಳಿಸಬಹುದಿತ್ತು, ಒಂದು ಪೆನ್ನು ಸಾಕಿತ್ತು. ಹೆದರುವವರ ಮಾತು ಕೇಳಬಾರದೆಂದು ಅಳಿಸಲಿಲ್ಲ.

ಪಂಪಾ ನದಿಯ ಮರಳಿನಲ್ಲಿ ಎಂಟು ದಿನ ಕನ್ವೆನ್ಷನ್ ನಡೆಯಿತು. ಗುರುವಾರ ‘ತೆರೆಯ ಮೇಲೆ ಅಳಿಸಿದ ಹೆಸರು’ ಹಂಚಿದೆ. ಮೊದಲ ನೂರು ಪ್ರತಿ ಓಡಿತು. ಹಿಂದೆ ಕೂತ ಹುಡುಗರು ಓದಿದರು, ಕೊಚ್ಚಪ್ಪಾ. ಚಪ್ಪಡಿ ಹಾಗೆ ಕೂರುತ್ತಿದ್ದವರು ಓದಿದರು. ಒಬ್ಬ ಬಂದು, “ಏ, ಆ ಸೀನಲ್ಲಿ ನಾನೂ ಅತ್ತಿದ್ದೆ ಕಣೋ, ಯಾಕೆ ಅಂತ ಗೊತ್ತಿರ್ಲಿಲ್ಲ” ಎಂದ. ಅಷ್ಟು ಸಾಕಿತ್ತು ನನಗೆ.

ಶುಕ್ರವಾರ ಹಿರಿಯರು ಕರೆಸಿದರು. ಅವರಾಚ್ಚನ್ ಮೂಪ್ಪನ್ ಎಂಬ ಎಪ್ಪತ್ತು ದಾಟಿದ ಹಿರಿಯರು ಕರಪತ್ರವನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದಿದ್ದರು. ಮಾತಾಡಿದ್ದು ನನ್ನೊಡನೆ ಅಲ್ಲ, ಅಪ್ಪಚ್ಚನ್ ಜೊತೆ.

“ಉಪದೇಶೀ, ಅರವತ್ತೊಂದರಲ್ಲಿ ನೀವು ಸಿನಿಮಾದ ರಾಗ ತಂದ್ರಿ. ಈಗ ಮಗ ಸಿನಿಮಾನೇ ತಂದ. ಮೊಮ್ಮಗ ಬಂದು ಇಲ್ಲೊಂದು ಟಾಕೀಸ್ ಕಟ್ಟಿಸ್ತಾನೆ ಬಿಡಿ.”

ಎಲ್ಲರೂ ನಕ್ಕರು. ಅಪ್ಪಚ್ಚನ್ ತಲೆ ತಗ್ಗಿಸಿದರು.

ನಂತರ ಒಬ್ಬೊಬ್ಬರೇ ನನಗೆ ಹೇಳಿದರು. ಆ ‘ದಡ ದೂರ ದೂರ’ ಹಾಡನ್ನು ಅರವತ್ತೊಂದರ ಕನ್ವೆನ್ಷನ್‌ನಲ್ಲಿ ಮೊದಲು ಹಾಡಿಸಿದವರು ಅಪ್ಪಚ್ಚನ್ ಅಂತೆ. ರಾಗ ಒಂದು ಸಿನಿಮಾದ್ದಂತೆ, ಹೆಂಗಸೊಬ್ಬಳು ಹೊಳೆಯಲ್ಲಿ ಮೀಯುತ್ತಾ ಹಾಡುವುದಂತೆ. ಅದಕ್ಕೇ ಅವರನ್ನು ಒಂದು ವರ್ಷ ಮೇಜಿನಿಂದ ಹೊರಗಿಟ್ಟರು, ವೇದಿಕೆ ಶಾಶ್ವತವಾಗಿ ತಪ್ಪಿಸಿದರು, ಈ ಗುಡ್ಡದಲ್ಲೇ ಉಳಿಸಿಬಿಟ್ಟರು. ಸಿನಿಮಾ ಮರೆತುಹೋಯಿತು, ಹಾಡು ಉಳಿಯಿತು. ಈಗ ಹಾಡುವವರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ.

ನನಗೆ ಹತ್ತು ವರ್ಷವಿದ್ದಾಗ, ಈಗ ನೆನಪಿಲ್ಲದ ಯಾವುದೋ ಸಿನಿಮಾ ಹಾಡಿನ ರಾಗ ಶಿಳ್ಳೆ ಹಾಕಿದೆ ಎಂದು ಪೇರಳೆ ಬೆತ್ತದಲ್ಲಿ ಬಾರಿಸಿದ್ದರು. ಇವರು! ಕದ್ದು ಸಿನಿಮಾ ನೋಡಿದವರು, ಅದರ ರಾಗವನ್ನು ಪರಿಶುದ್ಧಾತ್ಮನ ಕೊಡುಗೆ ಎಂದು ಸಾವಿರ ಜನಕ್ಕೆ ಉಣಿಸಿದವರು! ಕಪಟಿ ಫರಿಸಾಯರ ಬಗ್ಗೆ ಇಪ್ಪತ್ತು ಕರಪತ್ರ ಓದಿದ್ದೇನೆ. ಒಬ್ಬ ಫರಿಸಾಯನ ಮನೆಯಲ್ಲೇ ಗಂಜಿ ಕುಡಿಯುತ್ತಿದ್ದೇನೆಂದು ಗೊತ್ತಿರಲಿಲ್ಲ. ಮೂರು ದಿನದಿಂದ ನಾನು ಅವರ ಜೊತೆ ಮಾತಾಡಿಲ್ಲ.

ಮಾರ್ಚ್ ಒಂಬತ್ತರ ಭಾನುವಾರ ನನ್ನ ತೀರ್ಮಾನ. ನನ್ನನ್ನು ಮೇಜಿನಿಂದ ಹೊರಗಿಡುತ್ತಾರೆ. ಹೆಸರನ್ನು ಸಭೆಯ ಮುಂದೆ ಓದಬೇಕಾದವರು ಆ ಸಭೆಯ ಉಪದೇಶಿ. ಅಂದರೆ ಅಪ್ಪಚ್ಚನ್. ಓದಲಿ. ಅವರ ಬಾಯಲ್ಲಿ ನನ್ನ ಹೆಸರು ಹೇಗೆ ಬರುತ್ತದೋ ಕೇಳಬೇಕು.

ನೀವು ಅರವತ್ತೊಂದರಲ್ಲಿ ಅಲ್ಲೇ ಇದ್ದಿರಿ. ಇದು ನಿಜವೇ? ಹೌದು ಅಥವಾ ಅಲ್ಲ ಎಂದು ಒಂದು ಸಾಲು ಬರೆಯಿರಿ.

ಫಿಲೆಮೋನ್

—

ಕರಿಂಪಾರ
27 ಫೆಬ್ರವರಿ 1986

ಕೊಚ್ಚಪ್ಪನವರಿಗೆ,

ಒಂದು ಸಾಲು ಕೇಳಿದ್ದೆ. ಹತ್ತು ದಿನವಾಯಿತು.

ಕೋಪ ಮಾಡಿ ಮಾಡಿ ದಣಿದಿದ್ದೇನೆ. ಇಪ್ಪತ್ತು ವರ್ಷಕ್ಕೇ ಹೀಗೆ ದಣಿಯಬಹುದೆಂದು ಯಾವ ಕರಪತ್ರದಲ್ಲೂ ಇರಲಿಲ್ಲ. ಬೆಳಿಗ್ಗೆ ರಬ್ಬರ್ ತೋಟದಲ್ಲಿ ಅಪ್ಪಚ್ಚನ್ ಒಂದು ಸಾಲು, ನಾನು ಪಕ್ಕದ ಸಾಲು. ಇಬ್ಬರ ನಡುವೆ ಮಾತಿಲ್ಲ. ನಿನ್ನೆ ನನ್ನ ಸಾಲಿನ ಕೊನೆಯ ನಾಲ್ಕು ಮರ ಯಾರೋ ಆಗಲೇ ಕೊಯ್ದಿದ್ದರು. ಅವರೇ ಇರಬೇಕು. ನನಗೆ ಅದಕ್ಕೂ ಸಿಟ್ಟು ಬಂತು.

ಫಿಲೆಮೋನ್

—

ಮದ್ರಾಸ್
3 ಮಾರ್ಚ್ 1986

ಮೋನೇ,

ನಿಜವಲ್ಲ.

ನೀನು ಒಂದು ಸಾಲು ಕೇಳಿದ್ದೆ, ಇದೇ ಅದು. ಹತ್ತು ದಿನ ಏಕೆ ಬೇಕಾಯಿತು ಎಂದರೆ, ಇಪ್ಪತ್ತೈದು ವರ್ಷ ಬರೆಯದೆ ಬಿಟ್ಟ ಸಾಲು ಹತ್ತು ದಿನದಲ್ಲಿ ಬಂದದ್ದೇ ಹೆಚ್ಚು.

ಆ ಸಿನಿಮಾ ನೋಡಿದವನು ನಾನು. ಕೊಟ್ಟಾಯಂನಲ್ಲಿ ಮೂರು ಸಲ ನೋಡಿದೆ. ಆ ರಾಗ ತಲೆಯಿಂದ ಇಳಿಯಲಿಲ್ಲ, ಅದಕ್ಕೆ ಪದ ಕಟ್ಟಿದೆ. ಅಚ್ಚಾಯನ್‌ಗೆ ಕೊಟ್ಟಾಗ ರಾಗವೂ ನನ್ನದೇ ಎಂದೆ. ಅವನು ನಂಬಿದ. ಆಗ ಅವನಿಗೆ ಮೂವತ್ತೊಂದು. ಅವನ ದನಿ ನೀನು ಕೇಳಿಲ್ಲ. ನದಿಯ ಆಚೆ ದಡದಲ್ಲಿ ಎಮ್ಮೆ ಮೈತೊಳೆಯುತ್ತಿದ್ದವರು ಕೈ ಬಿಟ್ಟು ನಿಲ್ಲುತ್ತಿದ್ದರು. ಕೊಟ್ಟಾಯಂನ ದೊಡ್ಡ ಸಭೆಗೆ ಅವನನ್ನು ಕಳಿಸುವುದೆಂದು ಆಗಲೇ ಮಾತಾಗಿತ್ತು. ಕನ್ವೆನ್ಷನ್‌ನಲ್ಲಿ ಐದು ಸಂಜೆ ಆ ಹಾಡು ಹಾಡಿಸಿದ. ಸಾವಿರ ಜನ ಕೈತಟ್ಟಿ ಅತ್ತರು.

ಆರನೆಯ ಸಂಜೆ ಆಚೆ ದಡಕ್ಕೆ ಟೆಂಟ್ ಟಾಕೀಸ್ ಬಂತು. ಧ್ವನಿವರ್ಧಕದಲ್ಲಿ ಮೊದಲು ಹಾಕಿದ್ದೇ ಆ ಹಾಡು. ಈಚೆ ಚಪ್ಪರದಲ್ಲಿ ಪ್ರಾರ್ಥನೆ ನಿಂತುಹೋಯಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು.

ಹಿರಿಯರು ವೇದಿಕೆಯ ಕೆಳಗೆ ನಿಂತು ಕೇಳಿದರು, “ಯಾರು ತಂದದ್ದು ಇದನ್ನ?” ನಾನು ಮೂರನೆಯ ಸಾಲಿನಲ್ಲಿದ್ದೆ. ಸಿನಿಮಾಕ್ಕೆ ಹೋದದ್ದಕ್ಕೆ ನನ್ನನ್ನು ಒಂದು ಸಲ ಮೇಜಿನಿಂದ ಹೊರಗಿಟ್ಟಾಗಿತ್ತು. ಇನ್ನೊಂದು ಸಲ ಸಿಕ್ಕರೆ ಮನೆಯಲ್ಲೂ ಜಾಗವಿಲ್ಲ ಎಂದಿದ್ದರು ನಿನ್ನ ಅಜ್ಜ. ಎದ್ದು ನಿಂತೆ ಎಂದೇ ನನಗೆ ಬಹಳ ವರ್ಷ ನೆನಪಿತ್ತು. ನಿಂತಿರಲಿಲ್ಲ. ಅಚ್ಚಾಯನ್ ನನ್ನ ಕಡೆ ನೋಡಿದ. ಆಮೇಲೆ, “ನಾನು” ಎಂದ.

ಎರಡು ದಿನ ಬಿಟ್ಟು ತೀರ್ಮಾನ ಹೇಳಿದರು. ನಾನು ಬರಿಗಾಲಲ್ಲಿ ಹೊಳೆಗೆ ಓಡಿದೆ. ಕಪ್ಪೆಚಿಪ್ಪು ಕಾಲು ಸೀಳಿತು. ಅವನು ಹುಡುಕಿಕೊಂಡು ಬಂದ. ಮಾತಾಡದೆ ನನ್ನ ಪಾದ ನೀರಿಗೆ ಹಿಡಿದು ಮರಳು ತೊಳೆದ. ಪ್ರಸಂಗಕ್ಕೆ ನಿಲ್ಲುವಾಗ ಹೆಗಲಿಗೆ ಹಾಕುತ್ತಿದ್ದ ಬಿಳಿ ವಸ್ತ್ರ ತೆಗೆದು ಒರೆಸಿದ.

“ಅಚ್ಚಾಯಾ, ನಾನು ಹೋಗಿ ಹೇಳ್ತೀನಿ” ಎಂದೆ.

“ಹೇಳೋನಾಗಿದ್ರೆ ಆಗ್ಲೇ ಹೇಳ್ತಿದ್ದೆ. ಕಾಲು ಅಲ್ಲಾಡಿಸ್ಬೇಡ.”

ನಾಲ್ಕು ಗಂಟೆಯ ಬಸ್ಸು ಹತ್ತಿ ಬಂದವನು ನಾನು. ಸಿನಿಮಾದ ಹುಚ್ಚಿಗೆ ಓಡಿದೆ ಎಂದು ನೀವೆಲ್ಲ ತಿಳಿದಿದ್ದರೆ, ಹಾಗೆ ತಿಳಿಯಲು ಬಿಟ್ಟವನೂ ಅವನೇ.

ನಾನು ಕ್ರಿಸ್ತನನ್ನು ಬರೆಯಲಿಲ್ಲ, ಮೋನೇ. ನಿನ್ನಪ್ಪನನ್ನು ಬರೆದೆ. ನಾನು ಬರೆದ ಪ್ರತಿಯಲ್ಲಿ ರಾಘವನ್ ಪಾದ ಒರೆಸುತ್ತಾನೆ, ಹೆಗಲ ಮೇಲಿನ ಟವೆಲಿನಲ್ಲಿ. ಅದನ್ನು ಚಿತ್ರೀಕರಿಸಿಯೂ ಇದ್ದರು. ರೀಲು ಉದ್ದವಾಯಿತೆಂದು ಎಡಿಟರ್ ಕತ್ತರಿಸಿದ. ಪಕ್ಕದ ಕುರ್ಚಿಯಲ್ಲೇ ನಾನಿದ್ದೆ. ಬೇಡ ಎನ್ನಲಿಲ್ಲ. ಕೂತಲ್ಲಿಂದ ಏಳದಿರುವುದು ನನಗೆ ರೂಢಿ. ಒರೆಸಿದ್ದಾನೆಂದು ಈ ಲೋಕದಲ್ಲಿ ತಿಳಿದಿದ್ದವರು ಇಬ್ಬರೇ. ಒಬ್ಬ ಮೀನಿನ ಮುಳ್ಳು ತೆಗೆಯುತ್ತಾ ನಿನಗೆ ಹೇಳಿದ.

ನನ್ನನ್ನು ಕಳ್ಳ ಎಂದು ಬರೆದಿದ್ದೆಯಲ್ಲ, ಅದು ಸರಿ. ಟಾಕೀಸಿನಿಂದ ಕದ್ದು ಸಭೆಗೆ ಕೊಟ್ಟೆ, ಸಭೆಯಿಂದ ಕದ್ದು ಟಾಕೀಸಿಗೆ ಕೊಟ್ಟೆ.

ನಿನ್ನನ್ನು ಹೊಡೆದನಂತೆ, ಶಿಳ್ಳೆ ಹಾಕಿದ್ದಕ್ಕೆ. ಯಾವ ರಾಗವಾಗಿತ್ತು ಎಂದು ಅಮ್ಮಚ್ಚಿಯನ್ನು ಕೇಳು.

ಸ್ಕರಿಯ

—

ಕರಿಂಪಾರ
10 ಮಾರ್ಚ್ 1986

ಪ್ರಿಯ ಕೊಚ್ಚಪ್ಪಾ,

ನಿಮ್ಮ ಪತ್ರ ಶನಿವಾರ ಬಂತು. ಅಮ್ಮಚ್ಚಿಯನ್ನು ಕೇಳಿದೆ. “ಅದೇ, ದಡ ದೂರ,” ಎಂದಳು. “ನೀನು ಅದನ್ನ ಸಿನಿಮಾದ ಪದ ಹಾಕಿ ಹಾಡಿ ಆಮೇಲೆ ಶಿಳ್ಳೆ ಹೊಡೀತಿದ್ದೆ. ಎಲ್ಲಿ ಕಲ್ತಿದ್ಯೋ ಏನೋ. ಹೊಡೆದ ಮೇಲೆ ಹಿತ್ತಲಲ್ಲಿ ಕೂತು ನಿನಗಿಂತ ಜಾಸ್ತಿ ಅತ್ತಿದ್ದು ಅವರೇ.” ನಿಮ್ಮ ವಿಷಯ ಅವಳಿಗೂ ಗೊತ್ತಿಲ್ಲ. ಅವರು ಹೆಂಡತಿಗೂ ಹೇಳಿಲ್ಲ.

ಸಂಜೆ ಅಪ್ಪಚ್ಚನ್ ಜಗಲಿಯಲ್ಲಿ ಕೊಯ್ಯುವ ಕತ್ತಿ ಮಸೆಯುತ್ತಿದ್ದರು. ಹತ್ತಿರ ಕೂತೆ. ಮೂರು ವಾರದ ಮೇಲೆ ಮೊದಲ ಮಾತು.

“ಅಪ್ಪಚ್ಚಾ, ಕಾಲು ಒರೆಸಿದ ಆ ಬಟ್ಟೆ ಏನಾಯ್ತು?”

ಕತ್ತಿ ನಿಂತಿತು.

“ರಕ್ತ ಹೋಗ್ಲಿಲ್ಲ. ನಿನ್ನ ಅಮ್ಮಚ್ಚಿ ಮಸಿಬಟ್ಟೆ ಮಾಡ್ಕೊಂಡ್ಳು,” ಎಂದರು. ಮತ್ತೆ ಮಸೆಯತೊಡಗಿ, “ಕಾಲು ನೆಟ್ಟಗಾಯ್ತಂತಾ? ಕುಂಟ್ತಾನಾ ಈಗ್ಲೂ?”

ನನಗೆ ಗೊತ್ತಿರಲಿಲ್ಲ. ನೀವು ಬರೆದಿಲ್ಲ.

ನಿನ್ನೆ ಭಾನುವಾರ. ಆರಾಧನೆ ಮುಗಿದ ಮೇಲೆ ಅವರಾಚ್ಚನ್ ಮೂಪ್ಪನ್ ಚೀಟಿ ಕೊಟ್ಟರು, ಅಪ್ಪಚ್ಚನ್ ಓದಬೇಕಿತ್ತು. ಅವರು ಚೀಟಿಯನ್ನು ಮಡಚಿ ಬೈಬಲಿನೊಳಗೆ ಇಟ್ಟರು.

“ಟಾಕೀಸಿನ ಬಾಗಿಲಿಗೆ ಇವನನ್ನ ಕಳಿಸಿದ್ದು ನಾನು. ಪ್ರತಿ ಶನಿವಾರ ನಾನೇ ಪ್ರಾರ್ಥನೆ ಮಾಡಿ ಕಳಿಸ್ತಿದ್ದೆ. ಬಾಗಿಲಿಗೆ ಕಳಿಸಿದವನೇ ಒಳಗೂ ಕಳಿಸಿದ ಹಾಗೆ. ಹೊರಗಿಡೋದಾದ್ರೆ ನನ್ನನ್ನಿಡಿ.”

ನನಗೆ ಬಾವಿಕಟ್ಟೆ ಕಂಡಿತು, ಹೊಳೆ ಕಂಡಿತು. ಮೂರನೆಯ ಸಾಲಿನಲ್ಲೇ ಕೂತಿದ್ದೆ, ಕೊಚ್ಚಪ್ಪಾ. ಎದ್ದೆ. ಎದ್ದೆನೋ ಇಲ್ಲವೋ ಎಂದು ಅನುಮಾನ ಬಂದು ಮುಂದಿನ ಬೆಂಚನ್ನು ಹಿಡಿದು ನೋಡಿಕೊಂಡೆ.

“ಯಾರೂ ಕಳಿಸ್ಲಿಲ್ಲ. ನಾನೇ ಹೋದೆ. ಪೂರ್ತಿ ನೋಡಿದೆ. ಇಂಟರ್‌ವಲ್‌ನಲ್ಲಿ ಕಡಲೆಕಾಯಿ ತಿಂದೆ. ಕರಪತ್ರ ಬರೆದದ್ದೂ ನಾನೇ. ಬರೆದದ್ದನ್ನ ವಾಪಸ್ ತಗೊಳ್ಳಲ್ಲ.”

ಹೆಂಗಸರ ಕಡೆ ಯಾರೋ ಕಡಲೆಕಾಯಿಗೆ ನಕ್ಕರು. ಅವರಾಚ್ಚನ್ ಮೂಪ್ಪನ್ ನಗಲಿಲ್ಲ.

“ಇವನು ತಪ್ಪೊಪ್ಪಿದ, ಸರಿ. ಉಪದೇಶಿ ಚೀಟಿ ಓದ್ಲಿಲ್ಲ. ಅರವತ್ತೊಂದರಲ್ಲೂ ಇವರದೇ, ಈಗಲೂ ಇವರದೇ. ಇಂಥವರ ಕೈಯಲ್ಲಿ ಸಭೆ ಬಿಡೋದು ಹೇಗೆ?”

ನನ್ನನ್ನು ಆರು ತಿಂಗಳು ಹೊರಗಿಟ್ಟರು. ರೊಟ್ಟಿ, ದ್ರಾಕ್ಷಾರಸ ಬಂದಾಗ ನಾನು ಹಿಂದಿನ ಗೋಡೆಗೆ ಒರಗಿ ಕೂರಬೇಕು. ಅದು ಇರಲಿ. ಅಪ್ಪಚ್ಚನ್‌ರನ್ನು ಉಪದೇಶಿಯ ಕೆಲಸದಿಂದ ಇಳಿಸುವುದೋ ಬೇಡವೋ ಎಂದು ಮಾರ್ಚ್ ಇಪ್ಪತ್ಮೂರರ ಭಾನುವಾರ ತೀರ್ಮಾನಿಸುತ್ತಾರೆ. ಇಳಿಸಿದರೆ ಈ ಮನೆಯೂ ಸಭೆಯದು, ಬಿಡಬೇಕು. ಅವರ ಮೇಲಿರುವ ದೊಡ್ಡ ಆರೋಪ ನನ್ನ ಕರಪತ್ರವಲ್ಲ. ಅರವತ್ತೊಂದು.

ನಿಮ್ಮ ಪತ್ರ ಆಗ ನನ್ನ ಬೈಬಲಿನೊಳಗೇ ಇತ್ತು. ತೆಗೆದು ಓದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಕೈ ಹೋಯಿತು. ಅಪ್ಪಚ್ಚನ್ ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದರು. ನಾನು ಪತ್ರದ ಮಾತೇ ಎತ್ತಿರಲಿಲ್ಲ, ಅವರಿಗೆ ಹೇಗೆ ತಿಳಿಯಿತೋ. ಮನೆಗೆ ಬರುವ ದಾರಿಯಲ್ಲಿ ಕೇಳಿದೆ. “ಬಟ್ಟೆ ವಿಷಯ ನಿನಗೆ ಇನ್ಯಾರು ಹೇಳ್ತಾರೆ?” ಎಂದರು. “ಅದು ಅವನು ಹೇಳ್ಬೇಕಾದ್ದು. ಅವನ ಬಾಯಿಂದ ನೀನು ಕಿತ್ಕೋಬೇಡ.”

ರಾಘವನ್ ಕ್ರಿಸ್ತನೇ ಎಂದು ನಾನು ಈಗಲೂ ಹೇಳುತ್ತೇನೆ. ನಿಮ್ಮ ಮಾತು ಕೇಳಿದ ಮೇಲೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಆದರೆ ಅವನನ್ನು ಹುಡುಕಲು ನಾನು ರಾನ್ನಿಯವರೆಗೆ ಬಸ್ಸಿನಲ್ಲಿ ಹೋದೆ. ಮನೆಯಲ್ಲಿ ನನ್ನ ಪಾಲಿನ ನಾಲ್ಕು ಮರ ಕೊಯ್ದವರ ಮೇಲೆ ಸಿಟ್ಟು ಮಾಡಿಕೊಂಡೆ. ನನ್ನ ಪೆಟ್ಟಿಗೆಯಲ್ಲಿ ಓದಿ ಕೂಡಿಟ್ಟ ಹಳೆಯ ಕರಪತ್ರಗಳಿವೆ, ವಿಷಯವಾರು ಕಟ್ಟಿಟ್ಟಿದ್ದೇನೆ. ಇದಕ್ಕೆ ಯಾವ ಕಟ್ಟು ನೋಡಬೇಕೋ ತಿಳಿಯುತ್ತಿಲ್ಲ.

ಬನ್ನಿ, ಕೊಚ್ಚಪ್ಪಾ. ನನಗೆ ಬರೆದುಕೊಡಬೇಡಿ. ಬಂದು ನಿಂತು ಹೇಳಿ.

ನಿಮ್ಮ
ಫಿಲೆಮೋನ್

—

ಮದ್ರಾಸ್
15 ಮಾರ್ಚ್ 1986

ಮೋನೇ,

ಕುಂಟುವುದಿಲ್ಲ. ಮಳೆಗಾಲದಲ್ಲಿ ಸ್ವಲ್ಪ ನೋಯುತ್ತದೆ, ಅಷ್ಟೇ ಎಂದು ಹೇಳು.

ಈ ವಾರ ಒಂದು ಸಿನಿಮಾದ ಕ್ಲೈಮ್ಯಾಕ್ಸ್ ಬರೆದುಕೊಡಬೇಕಿತ್ತು. ತಮ್ಮ ಅಣ್ಣನ ಕಾಲಿಗೆ ಬಿದ್ದು ಅಳುವುದು, ಎರಡು ಪುಟದ ಮಾತು. ಕೂತು ಬರೆಯಲು ಹೋದರೆ ಒಂದು ಅಕ್ಷರ ಬರಲಿಲ್ಲ. ಬೇರೆಯವರಿಂದ ಬರೆಸಿಕೊಳ್ಳಿ ಎಂದು ಹೇಳಿ ಬಂದೆ. ಭಾನುವಾರ ಸಭೆಯಲ್ಲಿ ಏನು ಹೇಳುತ್ತೇನೆಂದೂ ಗೊತ್ತಿಲ್ಲ. “ನಾನು” ಎಂಬ ಒಂದು ಮಾತು ಸಾಕಲ್ಲವೇ? ಅವನಿಗೂ ಅಷ್ಟೇ ಬೇಕಾಗಿದ್ದದ್ದು.

ಅವರಾಚ್ಚನ್ ಮೂಪ್ಪನ್ ನನ್ನನ್ನು ಒಳಗೆ ಬಿಡದಿದ್ದರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ. ಬಾಗಿಲಲ್ಲಿ ನಿಂತು ಕೂಗುವುದು ಹೇಗೆಂದು ನೀನು ಹೇಳಿಕೊಡು, ನಿನಗೆ ಅಭ್ಯಾಸವಿದೆ. ಕರಪತ್ರ ಉಳಿದಿದ್ದರೆ ಒಂದು ಪ್ರತಿ ನನಗೆ ಇಡು.

ಅಚ್ಚಾಯನ್ ಸ್ಟೇಷನ್ನಿಗೆ ಬರುವುದು ಬೇಡ. ಆ ಕೆಮ್ಮಿನಲ್ಲಿ ಅಷ್ಟು ದೂರ ಬಸ್ಸಿನಲ್ಲಿ ಕೂರಬಾರದು. ನೀನು ಬೇಡ ಎಂದರೂ ಬರುತ್ತಾನೆ, ಗೊತ್ತು. ಬಂದರೆ ಬಿಸಿಲಿನಲ್ಲಿ ನಿಲ್ಲಿಸಬೇಡ, ನೀರಿನ ನಲ್ಲಿಯ ಪಕ್ಕ ಒಂದು ಬೆಂಚಿದೆ, ಈಗಲೂ ಇದ್ದರೆ ಅಲ್ಲಿ ಕೂರಿಸು. ನಾನೇ ಅಲ್ಲಿಗೆ ಬರುತ್ತೇನೆ.

ಮಾರ್ಚ್ 22, ಶನಿವಾರ. ಚೆಂಗನ್ನೂರು ಸ್ಟೇಷನ್, ಬೆಳಿಗ್ಗೆ ಒಂಬತ್ತೂ ಕಾಲು.

ಸ್ಕರಿಯ